ಘಮ ತಲುಪಿದಾಗ

ಆ ಪೆಟ್ಟಿಗೆ ಉಸಿರೆಳೆದುಕೊಳ್ಳುತ್ತಿದೆ, ಸ್ವರ ಹೊರಡುವ ಮೊದಲು ಸಣ್ಣಗೆ ಸುಯ್ ಎನ್ನುತ್ತದೆ, ಸಭೆಗೆ ಕೇಳಿಸದು, ಹಿಂದೆ ಕೂತ ನನಗೆ ಕೇಳಿಸುತ್ತದೆ, ಅತಿಥಿ ವಾದಕ ಅದನ್ನು ತೊಡೆಯ ಮೇಲೆ ಹಟಮಾರಿ ಮಗುವಿನ ಹಾಗೆ ಕೂರಿಸಿಕೊಂಡು ಎಳೆಯುತ್ತಾನೆ, ಅದುಮುತ್ತಾನೆ — ಅಕಾರ್ಡಿಯನ್ನಿನ ತಮ್ಮನಂತಿದೆ, ಅದಿಲ್ಲದೆ ಟ್ಯಾಂಗೋ ಕುಣಿತದ ಸಂಗೀತವೇ ಇಲ್ಲವಂತೆ — ಎಳೆದುಕೊಂಡ ಗಾಳಿಯನ್ನೆಲ್ಲ ಮೂಸಿ ನೋಡಿಯೇ ಬಿಡುತ್ತದೇನೋ, ಇಲ್ಲದಿದ್ದರೆ ಅಷ್ಟು ದುಃಖ ಅದಕ್ಕೆ ಎಲ್ಲಿಂದ ಬರಬೇಕು, ನನ್ನದು ಬರೀ ಗಾಳಿ, ಎಳೆಯುವುದೂ ಗಾಳಿ, ಬಿಡುವುದೂ ಗಾಳಿ, ನಾನು ಊದುವ, ನನ್ನೆತ್ತರದ ಈ ಮರದ ಬಸೂನಿಗೆ ಅಷ್ಟೇ ಸಾಕು, ಗಂಟಲು ಕಟ್ಟಿದ ಮುದುಕನ ದನಿ ಅದರದು, ಪಾಪ ಹೇಳಿದ ಮಾತು ಕೇಳುತ್ತದೆ, ಸರಿ ಈಗ ನಾನು, ಎರಡು ಸ್ವರ, ಮೆಲ್ಲಗೆ, ಆಯಿತು, ಕಡ್ಡಿ ಮೇಷ್ಟ್ರು ತಲೆಯಾಡಿಸಿದರು — ಎದುರು ನಿಂತು ಕೋಲಾಡಿಸಿ ನಮ್ಮನ್ನೆಲ್ಲ ನಡೆಸುವವರಿಗೆ ನಾವಿಟ್ಟ ಹೆಸರು, ಅವರಿಗೂ ಗೊತ್ತು — ಇಲ್ಲಿ ನನ್ನ ಸ್ವರ ಒಂದು ಹೆಜ್ಜೆ ಮುಂದಿಟ್ಟು ನಿಲ್ಲಬೇಕು, ಜೊತೆಯವರು ಬರುತ್ತಾರೋ ಇಲ್ಲವೋ ಎಂದು ಕಾಯಬೇಕು, ಹಾಗೆಯೇ ಇವರು ಕುಣಿದದ್ದು, ನನ್ನ ಗಂಡ, ಮದುವೆಯ ಹೊಸತರಲ್ಲಿ, ಬೇಕರಿಯ ಒಳಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ನಡುವೆ, ರೇಡಿಯೋದಲ್ಲಿ ಇಂಥದೇ ಏನೋ ಬರುತ್ತಿತ್ತು, ಕಾಲು ತುಳಿದ್ರೆ ಬೈಬೇಡ ಮತ್ತೆ, ಬೈಯಲ್ಲ ಬನ್ನಿ, ತುಳಿದರು, ಬೈದೆ, ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು, ನನ್ನ ಮೂಗು ಅವರ ಕತ್ತಿನ ಪಕ್ಕ, ಹುದುಗು ಬಂದ ಹಿಟ್ಟು, ಬಿಸಿ ಬ್ರೆಡ್ಡು, ಬೆವರು, ಅಗ್ಗದ ಸೋಪು, ಕಣ್ಣು ಕಟ್ಟಿ ಬಿಟ್ಟರೂ ಈ ಮನುಷ್ಯ ಎಲ್ಲಿದ್ದಾನೆಂದು ಹೇಳಬಲ್ಲೆ ಎಂದುಕೊಂಡಿದ್ದೆ, ಆ ಕತ್ತಿಗೆ ಮೂಗೊತ್ತಿದರೆ ನಿದ್ದೆ ತಾನಾಗಿ ಬರುತ್ತಿತ್ತು, ಈಗಲೂ ಪಕ್ಕದಲ್ಲಿ ಮಲಗುವುದು ಅವರೇ, ಗೊರಕೆಯೂ ಅವರದೇ, ಆದರೂ ಫೋಟೋ ಒಂದರ ಪಕ್ಕ ಮಲಗಿದ ಹಾಗಿರುತ್ತದೆ, ಎಷ್ಟು ಹತ್ತಿರ ಸರಿದರೂ ಗಾಜು ಅಡ್ಡ. ಟ್ಯಾಂಗೋ ಮುಗಿಯಿತು, ಚಪ್ಪಾಳೆ, ಎದ್ದು ನಿಂತೆವು.

ವಿರಾಮ, ಎಲ್ಲರೂ ಚಹಾಕ್ಕೆ ಓಡಿದರು, ನಾನು ಕೂತಲ್ಲೇ ಕೂತೆ, ಚಹಾ ಕುಡಿದು ಏನು ಮಾಡಲಿ, ಬಿಸಿನೀರು, ಸಕ್ಕರೆ, ಅಷ್ಟೇ, ಹೋದ ಚಳಿಗಾಲದ ಜ್ವರ ಬಂದಷ್ಟೇ ಬೇಗ ಹೋಯಿತು, ಹೋಗುವಾಗ ಯಾವ ವಾಸನೆಯೂ ತಿಳಿಯದ ಹಾಗೆ ನನ್ನ ಮೂಗನ್ನು ಗಂಟುಕಟ್ಟಿಕೊಂಡು ಹೋಯಿತು, ಡಾಕ್ಟರು ದೀಪ ಹಿಡಿದು ಇಣುಕಿ ನೋಡಿ, ಬಂದ್ರೂ ಬರಬಹುದಮ್ಮ, ಕಾಯಬೇಕು ಎಂದರು, ಇವರಿಗೆ ಹೇಳಲಿಲ್ಲ, ನಾಳೆ ಬಂದುಬಿಟ್ಟರೆ ಸುಮ್ಮನೆ ಯಾಕೆ ಹೆದರಿಸಲಿ ಎಂದುಕೊಂಡೆ, ನಾಳೆ ಬರಲಿಲ್ಲ, ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು — ನಮ್ಮ ಮನೆ ಬೇಕರಿಯ ಮೇಲೇ ಇದೆ, ಮಹಡಿಯಲ್ಲಿ ನಾನು ಅಭ್ಯಾಸಕ್ಕೆ ಕೂತಿರುತ್ತೇನೆ, ಘಮ ಮೆಟ್ಟಿಲು ಹತ್ತಿ ಬಂದು ಹದವಾಯಿತು ಎಂದು ಹೇಳಿದಾಗ ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದೆ, ಕೆಳಗೆ ಇವರು ಓವನ್ ಬಾಗಿಲು ತೆಗೆಯುತ್ತಿದ್ದರು, ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ, ಬ್ರೆಡ್ ಮಾಡೋದು ನಾನು, ಬೇಯಿಸೋದು ಅವಳ ಮೂಗು, ಈಗ ಗಡಿಯಾರ ನೋಡಿ ಕುಟ್ಟುತ್ತೇನೆ, ಗಡಿಯಾರಕ್ಕೆ ಹಿಟ್ಟಿನ ಮರ್ಜಿ ಏನು ಗೊತ್ತು, ಯಾಕೋ ತಡ ಆಯ್ತಲ್ಲೇ, ತಳ ಸ್ವಲ್ಪ ಸೀದಿದೆ, ಅಯ್ಯೋ ಅಭ್ಯಾಸದಲ್ಲಿ ಮುಳುಗಿದ್ದೆ ರೀ, ಹೊಸ ಬ್ರೆಡ್ಡು ಮುರಿದು ಮೂಗಿನ ಹತ್ತಿರ ಹಿಡಿಯುತ್ತಾರೆ, ನೋಡೇ, ಹೇಗಿದೆ ಹೇಳು, ಆಹಾ ಎನ್ನುತ್ತೇನೆ, ಅಷ್ಟಕ್ಕೇ ಮುಖ ಅರಳಿಬಿಡುತ್ತದೆ ಅವರದು, ಆ ಅರಳಿದ ಮುಖ ನೋಡಿಕೊಂಡು ನಾನು ಯಾವ ಬಾಯಲ್ಲಿ ಹೇಳಲಿ. ಆಹಾ ಎಂದಾಗಲೆಲ್ಲ ಅವರು ಇನ್ನಷ್ಟು ದೂರ ಹೋಗುತ್ತಾರೆ, ನಾನೇ ದೂಡುತ್ತಿದ್ದೇನೆ, ಗೊತ್ತು. ಗುಂಗುರು ಬಂದಳು ಅಷ್ಟರಲ್ಲಿ, ತಲೆತುಂಬ ಗುಂಗುರು ಕೂದಲಿನ ಹುಡುಗಿ, ಇನ್ನರ್ಧದಲ್ಲಿ ನುಡಿಸಲಿರುವ, ಊಟವನ್ನೇ ಸ್ವರದಲ್ಲಿ ಬಡಿಸುವ ಸಂಗೀತವನ್ನು ಬರೆದವಳು, ಮುಖವೆಲ್ಲ ಕಣ್ಣಾಗಿದೆ, ಆಂಟಿ, ಅಂಕಲ್ ಬ್ರೆಡ್ ಓವನ್ ಒಳಗಿಟ್ಟು ಈಗಷ್ಟೇ ಆನ್ ಮಾಡಿದ್ರು, ರಿಹರ್ಸಲ್‌ನಲ್ಲಿ ಕರ್ಚೀಫ್ ಬೀಸಿದ್ದಕ್ಕೆ ಶುರು ಮಾಡಿದ್ರಲ್ಲ, ಇವತ್ತು ನಿಜವಾದ ಘಮ ಮೂಗಿಗೆ ಬಂದಾಗ, ನೀವೇ ಮೊದಲು ಊದಬೇಕು, ಆಮೇಲೆ ಉಳಿದವರೆಲ್ಲ ಅವರವರ ಮೂಗಿಗೆ ಬಂದ ಹಾಗೆ, ನಿಮ್ಮ ಮನೆಯವರ ಬ್ರೆಡ್ಡು, ನಿಮ್ಮ ಮೂಗು — ಬೇಡಮ್ಮ ಓಬೋ ಊದುವವರಿಗೆ ಕೊಡು ಎಂದು ನಾನು ಹಿಂದೆಯೇ ಗೋಗರೆದಿದ್ದೆ, ಇವಳು ಕೇಳಬೇಕಲ್ಲ, ನನ್ನ ಕುರ್ಚಿಯನ್ನೇ ಎಲ್ಲರಿಂದ ಬೇರೆ ಮಾಡಿ, ಓವನ್ ಇಟ್ಟ ಪಕ್ಕದ ಕೋಣೆಯ ಬಾಗಿಲ ಬಳಿ ಹಾಕಿಸಿದ್ದಾಳೆ. ಚಹಾ ಕುಡಿದವರು ಬಾಯಿ ಒರೆಸಿಕೊಳ್ಳುತ್ತ ಬಂದು ಕೂತರು.

ಉಪ್ಪು, ಅಂದರೆ ಸಣ್ಣ ಡಬ್ಬಿಗಳ ಸದ್ದು, ಆಮೇಲೆ ಈರುಳ್ಳಿ, ಪಿಟೀಲುಗಳು ಅಳುತ್ತವೆ, ಸಭೆ ನಗುತ್ತದೆ, ಆಮೇಲೆ ಸೂಪು, ದೊಡ್ಡ ನಗಾರಿಗಳು ಒಳಗೊಳಗೇ ಕುದಿಯುತ್ತವೆ, ಎಲ್ಲ ಮುಗಿದೇ ಹೋಯಿತಲ್ಲ ಇಷ್ಟು ಬೇಗ, ಕಡ್ಡಿ ಮೇಷ್ಟ್ರು ಕಡ್ಡಿಯನ್ನು ಕೆಳಗಿಟ್ಟು ಕೈಕಟ್ಟಿ ನಿಂತರು, ನನ್ನೆದುರಿನ ಹಾಳೆಯಲ್ಲಿ ಒಂದೇ ಒಂದು ಉದ್ದ ಸ್ವರ, ಅದರ ಮೇಲೆ ಅವಳ ದುಂಡು ಅಕ್ಷರ, ಘಮ ತಲುಪಿದಾಗ, ಇಡೀ ಸಭಾಂಗಣ ಮೂಗಾಗಿ ಕಾಯುತ್ತಿದೆ, ಯಾರೂ ಕೆಮ್ಮುತ್ತಿಲ್ಲ, ಓಬೋ ಅಕ್ಕನನ್ನು ಓರೆಗಣ್ಣಿನಲ್ಲಿ ನೋಡಿದೆ, ಹೊಳ್ಳೆ ಅಲುಗಿದರೆ ಸಾಕು ಊದಿಬಿಡೋಣ ಎಂದು, ಅವಳು ನನ್ನನ್ನೇ ನೋಡುತ್ತಿದ್ದಾಳೆ, ಕ್ಲ್ಯಾರಿನೆಟ್ಟಿನವರೂ ನನ್ನನ್ನೇ, ಎಲ್ಲರೂ ನನ್ನ ಮೂಗನ್ನೇ, ಬಾಗಿಲಿನ ಸಂದಿಯಲ್ಲಿ ಇವರ ಬೆನ್ನು ಕಾಣುತ್ತದೆ, ಬಿಳಿ ಅಂಗಿ, ಬಾಡಿಗೆಗೆ ತಂದ ಓವನ್ನಿನ ಮುಂದೆ ಬಗ್ಗಿ ನಿಂತಿದ್ದಾರೆ, ಇದರ ಗುಣ ನನಗೆ ಗೊತ್ತಿಲ್ಲ ಕಣೇ ಎಂದು ಬೆಳಿಗ್ಗೆಯಿಂದ ಗೊಣಗುತ್ತಿದ್ದರು, ಹೊಸ ಅಂಗಿ ಹಾಕಿ ತಲೆಗೆ ಎಣ್ಣೆ ಹಚ್ಚಿ ಮದುಮಗನ ಹಾಗೆ ಬಂದಿದ್ದಾರೆ, ಎಣ್ಣೆಯೂ ನನಗೆ ಬರೀ ಹೊಳಪು, ಬೇಗ ತೆಗೀರಿ, ಬೇಗ, ನೀವು ಬಾಗಿಲು ತೆಗೆದರೆ ಅದೇ ನನಗೆ ಘಮ, ಹೇಗೂ ಹದ ನೋಡದೆ ತೆಗೆಯುವವರಲ್ಲ ನೀವು, ಯಾಕೆ ಇಷ್ಟು ಹೊತ್ತು — ಬೆನ್ನು ನೆಟ್ಟಗಾಯಿತು, ಮತ್ತೆ ಬಗ್ಗಿತು, ಕೈ ಹಿಡಿಗೆ ಹೋಯಿತು, ತೆಗೆದರು. ಊದಿದೆ. ಕೆಳಗಿನ ಸ್ವರ, ಮಣ್ಣಿನಡಿಯಿಂದ ಎದ್ದ ಹಾಗೆ ಎದ್ದಿತು, ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ, ಓಬೋ ಅಕ್ಕ ಗಾಳಿಯನ್ನು ಮೂಸಿದಳು, ಹುಬ್ಬು ಗಂಟಿಕ್ಕಿದಳು, ಇನ್ನೊಮ್ಮೆ ಮೂಸಿ ಸೇರಿಕೊಂಡಳು, ಕ್ಲ್ಯಾರಿನೆಟ್ಟಿನವರು ಅವಳನ್ನು ನೋಡಿ ಆತುರಾತುರವಾಗಿ ಸೇರಿಕೊಂಡರು, ಪಿಟೀಲುಗಳು ಒಂದೊಂದಾಗಿ, ಸಭೆಯ ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣು ಮುಚ್ಚಿ ಆಳವಾಗಿ ಉಸಿರೆಳೆದು ಹೆಂಡತಿಯ ಕಡೆ ಬಾಗಿದರು, ತುಟಿ ನೋಡಿದರೇ ಗೊತ್ತಾಗುತ್ತದೆ, ಆಹಾ ಎಂದರು. ಬಚಾವಾದೆ ಎಂದುಕೊಂಡೆ.

ಇವರು ಈ ಕಡೆ ತಿರುಗಿದರು, ಕೈಯಲ್ಲಿ ಟ್ರೇ, ಬಟ್ಟೆಯಿಲ್ಲದೆ ಬರಿಗೈಯಲ್ಲೇ ಹಿಡಿದಿದ್ದಾರಲ್ಲ, ಸುಡುವುದಿಲ್ಲವೇ, ಟ್ರೇಯಲ್ಲಿ ಬಿಳಿ, ಬಿಳಿ ಹಿಟ್ಟು, ಒಳಗಿಟ್ಟಾಗ ಇದ್ದ ಹಾಗೇ ಮೆತ್ತಗೆ, ತೇವವಾಗಿ, ಅಂಚಿಗೆ ಜಾರಿದೆ, ಹಿಂದೆ ಓವನ್ ಕತ್ತಲು, ಒಳದೀಪವೂ ಇಲ್ಲ, ಲೈಟಿನವನು ಗೋಡೆಯ ಮೇಲಿನ ಫ್ಯೂಸ್ ಪೆಟ್ಟಿಗೆ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದಾನೆ, ವಿರಾಮ ಮುಗಿದು ವೇದಿಕೆಯ ದೀಪಗಳು ಮತ್ತೆ ಹತ್ತಿದಾಗಲೇ ಓವನ್ನಿನ ಕರೆಂಟು ಹೋಗಿರಬೇಕು, ಬೆಂದೇ ಇಲ್ಲ, ಬಿಸಿಯೇ ಆಗಿಲ್ಲ, ಇಷ್ಟು ಹೊತ್ತಾದರೂ ಘಮ ಬರಲಿಲ್ಲವಲ್ಲ ಎಂದೇ ಇವರು ಬಾಗಿಲು ತೆಗೆದು ನೋಡಿದ್ದು, ಯಾರಿಗೂ ಏನೂ ಬಂದಿಲ್ಲ, ಓಬೋ ಅಕ್ಕನಿಗೂ ಇಲ್ಲ, ಮುಂದಿನ ಸಾಲಿನ ಹಿರಿಯರಿಗೂ ಇಲ್ಲ, ತಮ್ಮ ಮೂಗಿಗೇ ಏನೋ ಆಗಿದೆ ಎಂದು ಹೆದರಿ ಎಲ್ಲರೂ ನನ್ನ ಹಿಂದೆ ಬಂದರು, ಅವಳ ಮೂಗು ಸುಳ್ಳು ಹೇಳೀತೇ ಎಂದು, ಯಾರಿಗೂ ಗೊತ್ತಾಗುವುದಿಲ್ಲ, ಇವರೊಬ್ಬರಿಗೆ ಬಿಟ್ಟು, ಇವರು ಹಿಟ್ಟನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾರೆ, ಸೀದ ತಳಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿರುವ ಹಾಗೆ, ಚಳಿಗಾಲದವರೆಗೂ ಹಿಂದೆ ಹೋಗಿ ನಿಂತ ಹಾಗೆ, ಸಿಟ್ಟಿಲ್ಲ ಮುಖದಲ್ಲಿ, ಸಿಟ್ಟಾದರೂ ಇದ್ದಿದ್ದರೆ, ರೀ, ಹಾಗೆ ನೋಡಬೇಡಿ, ನನ್ನ ಬಾಯಲ್ಲಿ ಸ್ವರ ಇದೆ, ಬಿಡುವ ಹಾಗಿಲ್ಲ, ಇವರೆಲ್ಲ ಇದರ ಮೇಲೆಯೇ ನಿಂತಿದ್ದಾರೆ, ಬಿಟ್ಟರೆ ಹೇಳುತ್ತಿದ್ದೆ, ನಿಮ್ಮ ಪಕ್ಕ ಮಲಗಿಕೊಂಡೇ ನಿಮ್ಮನ್ನು ಹುಡುಕ್ತಿದೀನಿ ರೀ, ಕತ್ತಿನ ಹತ್ತಿರ ಬಂದು ಬಂದು ಬರಿಗೈಲಿ ವಾಪಸ್ ಹೋಗ್ತೀನಿ, ಹೇಳಿದ್ರೆ ಪಕ್ಕದ ಆ ಜಾಗವೂ ಹೋಗುತ್ತೇನೋ ಅಂತ ಹೆದರಿದ್ದೆ, ಸಂಗೀತ ಉಬ್ಬುತ್ತಿದೆ, ಸಭೆ ಉಸಿರೆಳೆದುಕೊಳ್ಳುತ್ತಿದೆ, ಇವರು ಅಲುಗಲಿಲ್ಲ, ಟ್ರೇ ಸ್ವಲ್ಪ ವಾಲಿತು, ಬಿಳಿ ಹಿಟ್ಟು ಜಾರಿತು, ಬೀಳದ ಹಾಗೆ ಹೆಬ್ಬೆರಳು ಒತ್ತಿ ಹಿಡಿದರು, ಬೆರಳು ಒಳಗಿಳಿಯಿತು, ನನ್ನ ಉಸಿರು ಮುಗಿಯುತ್ತ ಬಂತು, ಇವರು ನನ್ನನ್ನು ನೋಡುತ್ತಲೇ ಇದ್ದಾರೆ, ಬಿಳಿ ಹಿಟ್ಟು, ಅದರೊಳಗೆ ಇವರ ಹೆಬ್ಬೆರಳು, ಬಿಳಿ ಹಿಟ್ಟು, ಹೆಬ್ಬೆರಳು