ಬುಧಗ್ರಹದ ಅತಿಥಿಯ ತಲೆ

ನಾನು ಒಂದು ತಲೆ. ಮುಂಡವಿಲ್ಲ, ಮಿದುಳೂ ಇಲ್ಲ. ಆದರೂ ಒಂದು ಕಾಲಕ್ಕೆ ಊರೂರಿನ ಮಕ್ಕಳನ್ನು ತಾಯಂದಿರ ಸೆರಗಿನೊಳಗೆ ಅಡಗಿಸಿದ ತಲೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಗೌಸ್ ಸಾಹೇಬರ ಅಂಗಡಿಯಲ್ಲಿ ಹುಟ್ಟಿದೆ. ಅವರು ದಿನವೂ ಮಾಡುತ್ತಿದ್ದದ್ದು ಆಲಿಕೆ, ಲಾಟೀನು, ಸೀಮೆಎಣ್ಣೆ ಡಬ್ಬ. ಒಂದು ದಿನ ಸಿನಿಮಾ ನಿರ್ದೇಶಕ ವೈಕುಂಠಯ್ಯನವರು ಬಂದು, "ಬುಧಗ್ರಹದಿಂದ ಬರೋ ಯಂತ್ರಮಾನವನಿಗೆ ಒಂದು ತಲೆ ಆಗ್ಬೇಕಲ್ಲ ಸಾಹೇಬ್ರೆ" ಅಂದರು. ಬುಧಗ್ರಹ ಯಾವ ಕಡೆಗಿದೆ ಎಂದು ಸಾಹೇಬರು ಕೇಳಲಿಲ್ಲ. ಸುತ್ತಳತೆ ಎಷ್ಟು ಎಂದಷ್ಟೇ ಕೇಳಿದರು.

ತಗಡು ಬಗ್ಗಿಸಿ, ಬೆಸುಗೆ ಹಾಕಿ, ಕಣ್ಣಿಗೆ ಎರಡು ಗಾಜಿನ ಬಿಲ್ಲೆ ಕೂರಿಸಿದರು. ಕತ್ತಿನ ಹಿಂದೆ ಒಂದು ಕೊಂಡಿ, ಕಿವಿಯ ಹಿಂದೆ ಎಂಟು ತೂತು. ತೂತುಗಳ ಮೇಲೆ ಬೆರಳಾಡಿಸಿ, "ಇದು ಉಸಿರಿಗೆ" ಎಂದು ಒತ್ತಿ ಹೇಳಿಯೇ ನನ್ನನ್ನು ಒಪ್ಪಿಸಿದರು.

ನನ್ನೊಳಗೆ ಯಾರು ಬರಬೇಕು ಎಂಬುದು ದೊಡ್ಡ ರಾದ್ಧಾಂತವಾಯಿತು. ಮೊದಲು ಬಂದವರು ಚಿತ್ರದ ನಾಯಕ. ನನ್ನನ್ನು ಹಾಕಿಕೊಂಡು ಕನ್ನಡಿ ನೋಡಿದರು. "ಒಳಗಿರೋದು ನಾನೇ ಅಂತ ಜನಕ್ಕೆ ಹೆಂಗ್ರೀ ಗೊತ್ತಾಗುತ್ತೆ?" ಎಂದು ತೆಗೆದಿಟ್ಟು ಕಾಫಿಗೆ ಹೋದರು. ಆಮೇಲೆ ಬಂದವರು ಪೈಲ್ವಾನ್ ಚೆಲುವಯ್ಯ. ಅವರ ಕಿವಿಯ ಹತ್ತಿರ ನಾನು ಸಿಕ್ಕಿಕೊಂಡೆ. ಹರಳೆಣ್ಣೆ ಹಚ್ಚಿ ಇಬ್ಬರು ಎಳೆದರು. "ಇದು ತಲೆಯಲ್ಲ ಕಣ್ರಪ್ಪಾ, ಇಲಿಬೋನು" ಎಂದು ಅವರೂ ಕೈಮುಗಿದರು. ನನಗೆ ನಿಜಕ್ಕೂ ಅವಮಾನವಾಯಿತು.

ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದ ಹೆಂಗಸೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಹೆಸರು ಕಾಶವ್ವ, ಗದಗಿನ ಕಡೆಯವರು, ವಯಸ್ಸು ನಲವತ್ತೈದರ ಮೇಲೆ. ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿ ಮೀಸೆ ಅಂಟಿಸಿ ಗಂಡು ಪಾತ್ರ ಮಾಡಿ ಗದೆ ತಿರುಗಿಸಿದವರು. ಈ ಚಿತ್ರದಲ್ಲಿ ನೆರೆಮನೆಯವಳಾಗಿ ಎರಡು ಮಾತು ಆಡಲು ಬಂದಿದ್ದರು.

"ತರ್ರಿ ಇಲ್ಲೆ, ನಾ ಹಾಕ್ಕೋತೀನಿ" ಅಂದರು.

ಹೇಳಿ ಮಾಡಿಸಿದಂತೆ ಕೂತೆ. ಅವರು ಎದ್ದು ನಾಲ್ಕು ಹೆಜ್ಜೆ ಹಾಕಿದಾಗ ಸ್ಟುಡಿಯೋದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ವೈಕುಂಠಯ್ಯನವರಿಗೆ ಹುರುಪೇರಿತು. ಒಳಗಿರುವುದು ಹೆಂಗಸು ಎಂದು ಹೊರಗೆ ಬಾಯಿ ಬಿಡಕೂಡದು ಎಂದು ಎಲ್ಲರಿಗೂ ಕಟ್ಟಪ್ಪಣೆ ಮಾಡಿದರು. ಹೆಸರಿನ ಪಟ್ಟಿಯಲ್ಲಿ ಯಂತ್ರಮಾನವನ ಮುಂದೆ ಬರೀ ಪ್ರಶ್ನಾರ್ಥಕ ಚಿಹ್ನೆ.

ನನ್ನೊಳಗೆ ಕೂತರೆ "ಕಟ್" ಎಂದು ಕೂಗಿದ್ದು ಕೇಳುತ್ತಿರಲಿಲ್ಲ. ಅದಕ್ಕೆ ಕಾಶವ್ವ ಒಂದು ದಾರಿ ಹೇಳಿದರು. "ನಮ್ಮ ಕಂಪನ್ಯಾಗ ಸೀಟಿ ಊದಿದ ಮ್ಯಾಲನ ಪರದೆ ಬೀಳೋದು. ಸತ್ತು ಬಿದ್ದಾವ್ರು ಸೀಟಿ ಕೇಳೋತನಕ ರೆಪ್ಪಿ ಸೈತ ಹೊಡ್ಯಂಗಿಲ್ಲ. ನೀವೂ ಸೀಟಿ ಊದ್ರಿ, ಎದ್ದು ಬಿಡತೀನಿ." ಸಹಾಯಕ ನಿರ್ದೇಶಕ ಬೋರಲಿಂಗಯ್ಯನ ಕೊರಳಿಗೆ ಅಂದೇ ಒಂದು ಸೀಟಿ ಬಂತು. ಹದಿನೆಂಟು ದಿನ ಎಲ್ಲ ಸುಸೂತ್ರವಾಗಿ ನಡೆಯಿತು.

ಹತ್ತೊಂಬತ್ತನೆಯ ದಿನ ಯಂತ್ರಮಾನವ ಸಾಯುವ ದೃಶ್ಯ. ಹೊಗೆ ತುಂಬಿದ ಕಂದಕಕ್ಕೆ ಬಿದ್ದು ಕದಲದೆ ಮಲಗಬೇಕು. ಬೆಳಿಗ್ಗೆಯೇ ಕ್ಯಾಮೆರಾದವರು, ಕಿವಿಯ ಹಿಂದಿನ ತೂತುಗಳು ದೀಪಕ್ಕೆ ಹೊಳೆಯುತ್ತವೆ ಎಂದು ಗೊಣಗಿದ್ದರು. ಬೋರಲಿಂಗಯ್ಯ ಮೇಣ ತುಂಬಿ, ಮೇಲೆ ಬೆಳ್ಳಿಬಣ್ಣ ಬಳಿದ. ಕತ್ತಿನ ಕಡೆಯಿಂದ ಗಾಳಿ ಬರುತ್ತದಲ್ಲ ಎಂಬುದು ಅವನ ಲೆಕ್ಕ. ಮಧ್ಯಾಹ್ನ, ಕಾಶವ್ವನಿಗೆ ಹೊಗೆ ಹೋಗದಿರಲಿ ಎಂದು ವೇಷಭೂಷಣದವರು ಕತ್ತಿಗೆ ಸೈಕಲ್ ಟ್ಯೂಬು ಬಿಗಿಯಾಗಿ ಸುತ್ತಿದರು. ಅವರಿಗೆ ಮೇಣದ ವಿಷಯ ಗೊತ್ತಿಲ್ಲ, ಇವನಿಗೆ ಟ್ಯೂಬಿನ ವಿಷಯ ಗೊತ್ತಿಲ್ಲ. ಎರಡೂ ಗೊತ್ತಿದ್ದದ್ದು ನನಗೊಬ್ಬನಿಗೆ. ನನಗೆ ಬಾಯಿಯ ಜಾಗದಲ್ಲಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದರು, ಅಷ್ಟೆ.

ಕಾಶವ್ವ ಬಿದ್ದರು. ಬೀಳುವಾಗ ನನ್ನ ಕೊಂಡಿ ನೆಲಕ್ಕೆ ಬಡಿದು ಸೊಟ್ಟಗಾಯಿತು. ಮೊದಮೊದಲು ಉಸಿರು ನಿಧಾನವಾಗಿತ್ತು, ಗಾಜಿನ ಮೇಲೆ ಹಬೆ ಕೂತು ಆರುತ್ತಿತ್ತು. ಆಮೇಲೆ ಉಸಿರು ಗಿಡ್ಡವಾಯಿತು. ಅವರ ಹಣೆಯ ಬೆವರು ನನ್ನ ತಗಡಿಗೆ ಇಳಿಯಿತು. ಹೊರಗೆ ವೈಕುಂಠಯ್ಯನವರು, "ಏನು ಮಲಗಿದ್ದಾರಯ್ಯ! ಊದ್ಬೇಡ, ರೀಲು ಮುಗಿಯೋವರೆಗೂ ಓಡಲಿ" ಎಂದು ಬೋರಲಿಂಗಯ್ಯನ ಕೈ ಹಿಡಿದಿದ್ದರು. ಒಳಗೆ ಕಾಶವ್ವ ತುಟಿ ಅಲುಗಿಸಿದರು.

"ಊದೋ ತಮ್ಮಾ... ಊದೋ..."

ಕೈಯೆತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ. ಎದ್ದೇಳಿ ತಾಯಿ ಎಂದು ನಾನು ಒಳಗೊಳಗೇ ಒದ್ದಾಡಿದೆ. ಅವರ ಎದೆಬಡಿತ ನನ್ನ ಬೆಸುಗೆಗಳಿಗೆ ತಾಕುತ್ತಿತ್ತು. ಆಮೇಲೆ ಅದೂ ಸಣ್ಣದಾಯಿತು. ಗಾಜಿನ ಮೇಲಿನ ಹಬೆ ಆರಿತು, ಮತ್ತೆ ಕೂರಲಿಲ್ಲ.

ರೀಲು ಮುಗಿಯಿತು. "ಕಟ್!" ಎಲ್ಲರೂ ಚಪ್ಪಾಳೆ ತಟ್ಟಿದರು. ಬೋರಲಿಂಗಯ್ಯನೂ ಎರಡೂ ಕೈಯಲ್ಲಿ ತಟ್ಟುತ್ತ ನಿಂತ. ಸೀಟಿ ಅವನ ಎದೆಯ ಮೇಲೆ ತೂಗುತ್ತಿತ್ತು.

ನನ್ನ ಸಣ್ಣಪುಟ್ಟ ರಿಪೇರಿಗೆಂದು ಆಗಷ್ಟೇ ಬಂದಿದ್ದ ಗೌಸ್ ಸಾಹೇಬರು ಒಬ್ಬರೇ ಬಗ್ಗಿ ನೋಡಿದರು. "ಗಾಜಲ್ಲಿ ಹಬೆ ಇಲ್ಲ!" ಎಂದು ಕಿರುಚಿ ಕಂದಕಕ್ಕೆ ಧುಮುಕಿದರು. ಟ್ಯೂಬು ಕಿತ್ತೆಸೆದರು. ಸೊಟ್ಟಗಾದ ಕೊಂಡಿ ಬಿಚ್ಚಲು ಬರಲಿಲ್ಲ. ಸೊಂಟದಿಂದ ತಗಡು ಕತ್ತರಿ ತೆಗೆದರು.

"ಕತ್ತರಿಸಬೇಡಿ ಸಾಹೇಬ್ರೆ, ಇನ್ನೂ ಎರಡು ಸೀನ್ ಇದೆ!" ವೈಕುಂಠಯ್ಯನವರಿಗೆ ಇನ್ನೂ ವಿಷಯ ತಲೆಗೆ ಹೋಗಿರಲಿಲ್ಲ.

"ಡಬ್ಬ ನಾನು ಇನ್ನೊಂದು ಮಾಡ್ಕೊಡ್ತೀನಿ ಸ್ವಾಮಿ. ಅಮ್ಮನ್ನ ನೀವು ಮಾಡ್ಕೊಡ್ತೀರಾ?"

ಕತ್ತರಿ ನನ್ನ ಎಡಗೆನ್ನೆಗೆ ಇಳಿಯಿತು. ಅಷ್ಟು ಸಂತೋಷದ ನೋವು ನಾನು ಮತ್ತೆ ಕಂಡಿಲ್ಲ. ಕಾಶವ್ವನ ಮುಖ ನೀಲಿಗಟ್ಟಿತ್ತು. ಎದೆ ನೀವಿದರು, ನೀರು ಚಿಮುಕಿಸಿದರು. ಎಷ್ಟು ಹೊತ್ತೋ ಏನೋ, ಒಂದು ಕೆಮ್ಮು ಬಂತು. ಕಣ್ಣು ಬಿಟ್ಟವರೇ ಕೇಳಿದರು, "ಸೀಟಿ ಆತೇನ್ರಿ?"

ಬೋರಲಿಂಗಯ್ಯ ಗೋಳೋ ಎಂದು ಅಳುತ್ತ ಅವರ ಕಾಲ ಹತ್ತಿರ ಕುಸಿದ. "ತಪ್ಪಾಯ್ತು ಕಣವ್ವಾ!"

"ಅಳಬ್ಯಾಡೋ. ಕಂಪನಿ ಮಂದಿಗೆ ಅಂಜಿಕಿ ಅಂಬೋದು ಇರಂಗಿಲ್ಲ" ಎಂದು ಕಾಶವ್ವ ನಕ್ಕರು. ಆ ರೀಲನ್ನು ಸುಟ್ಟುಬಿಡಲೇ ಎಂದು ವೈಕುಂಠಯ್ಯನವರು ತಲೆ ತಗ್ಗಿಸಿ ಕೇಳಿದಾಗ, ಬೇಡ, ಇಡ್ರಿ ಎಂದದ್ದೂ ಅವರೇ.

ನನ್ನ ಕೆನ್ನೆಗೆ ತೇಪೆ ಬಿತ್ತು. ಉಳಿದ ಎರಡು ಸೀನಿನಲ್ಲಿ ನನ್ನ ಬಲಗಡೆಯನ್ನು ಮಾತ್ರ ತೋರಿಸಿದರು. ಅರ್ಧ ಮುಖ ತೋರಿಸಿ ಯಂತ್ರದ ಅರ್ಧ ಮನುಷ್ಯತ್ವವನ್ನು ಸೂಚಿಸಿದ್ದಾರೆ ಎಂದು ಪತ್ರಿಕೆಯಲ್ಲೊಬ್ಬ ಪಂಡಿತರು ಬರೆದರು. ನಾನು ತೇಪೆ ಮುಟ್ಟಿಕೊಂಡು ನಗಬೇಕೆಂದರೆ ಕೈಯಿಲ್ಲ.

ಚಿತ್ರ ಓಡಿದಾಗ ನನ್ನನ್ನು ಟಾಕೀಸಿನ ಬಾಗಿಲಲ್ಲಿ ಮೇಜಿನ ಮೇಲೆ ಇಟ್ಟಿದ್ದರು. ಒಂದು ಮ್ಯಾಟಿನಿಗೆ ಕಾಶವ್ವ ಬಂದರು, ಎಲ್ಲರಂತೆ ಟಿಕೆಟ್ ತೆಗೆದುಕೊಂಡು. ಸಾಯುವ ದೃಶ್ಯ ಶುರುವಾಗುವ ಹೊತ್ತಿಗೆ ಸರಿಯಾಗಿ ಹೊರಗೆ ಓಡಿಬಂದು ನನ್ನ ಮೇಜು ಹಿಡಿದು ನಿಂತರು. ಒಳಗೆ ಜನ ಬಿಕ್ಕುತ್ತಿದ್ದರು. ಇವರಿಗೆ ಏದುಸಿರು, ಮೈಯೆಲ್ಲ ಬೆವರು. ಬಗ್ಗಿ ನನ್ನ ತೇಪೆಯ ಹತ್ತಿರ ಬಾಯಿ ತಂದರು.

"ಅವತ್ತು ಭಾಳ ಅಂಜಿದ್ನೋ. ನಿನಗೊಬ್ಬಂವಗ ಗೊತ್ತದ. ಯಾರ ಮುಂದೂ ಹೇಳಬ್ಯಾಡ" ಅಂದರು.

ಹೇಳಲಿಲ್ಲ. ಗುಜರಿಯವನ ಗೋಣಿಚೀಲದಲ್ಲಿ ಹೇಳಲಿಲ್ಲ, ನಾಟಕ ಸಾಮಾನಿನ ಬಾಡಿಗೆ ಅಂಗಡಿಯಲ್ಲಿ ಹನ್ನೊಂದು ವರ್ಷ ಧೂಳು ತಿನ್ನುವಾಗಲೂ ಹೇಳಲಿಲ್ಲ. ಈಗ ಹಳೆಯ ಸಿನಿಮಾ ಸಾಮಾನುಗಳ ಒಂದು ಪ್ರದರ್ಶನದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಕೂತಿದ್ದೇನೆ. ಪಕ್ಕದ ಚೀಟಿಯಲ್ಲಿ ಹೀಗೆ ಬರೆದಿದೆ: "ಯಂತ್ರಮಾನವನ ತಲೆ. ಪಾತ್ರಧಾರಿ: ತಿಳಿದಿಲ್ಲ." ಬಂದವರು ಓದಿ, ಫೋಟೋ ತೆಗೆದು, ಮುಂದಿನ ಪೆಟ್ಟಿಗೆಗೆ ಹೋಗುತ್ತಾರೆ. ಎಲ್ಲವನ್ನೂ ಸಹಿಸಿದ ನನಗೆ ಈ ಚೀಟಿಯನ್ನು ಸಹಿಸಲಾಗುತ್ತಿಲ್ಲ.

ಕಾಶವ್ವ, ನಿಮಗೆ ಕೊಟ್ಟ ಮಾತಿಗೆ ಇವತ್ತು ತಪ್ಪಿದೆ. ನೀವು ಅಂಜಿದ್ದಿರಿ. ಅಂಜಿಯೂ ಏಳಲಿಲ್ಲ.