ತೋಳದ ತಿಂಗಳಲ್ಲಿ ಒಂದು ಎಲೆ

ಮಸ್ಕತ್ತಿನ ಅಲ್ ಅಜೈಬಾದ ಆ ಬಿಳಿ ಮನೆಗೆ ಚಳಿಗಾಲ ಬರುತ್ತಿದ್ದದ್ದು ಏಸಿಯಿಂದ. ಹೊರಗೆ ಜನ ಬೆವರು ಒರೆಸಿಕೊಳ್ಳುತ್ತಿದ್ದರೂ ಅಕ್ಟೋಬರ್ ಕೊನೆಗೆ ನೋರಾ ಮೇಡಂ ಏಸಿಯ ಗುಂಡಿಯನ್ನು ತುದಿಯವರೆಗೆ ತಿರುಗಿಸಿ, ಉಣ್ಣೆಯ ಶಾಲು ಹೊದ್ದು, "ಅಪ್ಪೀ, ಚಳಿ ಬಂತು" ಎನ್ನುತ್ತಿದ್ದಳು. ಅಡಿಗೆಯ ಅಪ್ಪಿಗೆ ಅದು ವರ್ಷವರ್ಷದ ತಮಾಷೆ.

ನೋರಾ ಐರ್ಲೆಂಡಿನ ಕಡಲ ಕರೆಯ ಹಳ್ಳಿಯವಳು, ಮಸ್ಕತ್ತಿನಲ್ಲಿ ನರ್ಸು. ಅವಳ ಅಜ್ಜಿ ಚಳಿಗಾಲದ ಒಂದೊಂದು ಹುಣ್ಣಿಮೆಗೂ ಒಂದೊಂದು ಹೆಸರು ಹೇಳುತ್ತಿದ್ದಳಂತೆ. ಒಂದು ಶೋಕದ ತಿಂಗಳು, ಒಂದು ಉದ್ದ ರಾತ್ರಿಯ ತಿಂಗಳು, ಆಮೇಲೆ ಬರುವುದು ತೋಳದ ತಿಂಗಳು. "ಹಸಿದ ತೋಳಗಳು ಊರ ಹೊರಗೆ ನಿಂತು ಊಳಿಡುವ ಕಾಲ ಅದು" ಎಂದು ನೋರಾ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ವಿವರಿಸುವಳು.

"ನಮ್ಮಲ್ಲಿ ಚಂದ್ರನಿಗೆ ಎರಡೇ ಕೆಲಸ ಮೇಡಂ. ದೊಡ್ಡ ಆಗುದು, ಸಣ್ಣ ಆಗುದು" ಎಂದು ಅಪ್ಪಿ ನಗುವಳು.

ತೊಂಬತ್ತನೆಯ ಇಸವಿಯಲ್ಲಿ ಮಾತ್ರ ಅವಳಿಗೆ ನಗು ಬರಲಿಲ್ಲ. ಗಂಡ ತುಕ್ರ ಕುವೈತಿನಲ್ಲಿ ಗಾರೆ ಕೆಲಸಕ್ಕಿದ್ದ. ಆಗಸ್ಟಿನಲ್ಲಿ ಅಲ್ಲಿ ನೆರೆದೇಶದ ಸೈನ್ಯ ನುಗ್ಗಿತು, ಫೋನು ಸತ್ತಿತು. ಜನ ಉಟ್ಟಬಟ್ಟೆಯಲ್ಲಿ ಮರುಭೂಮಿ ದಾಟಿ, ಜೋರ್ಡಾನಿನ ಡೇರೆಗಳಲ್ಲಿ ಬಿದ್ದಿದ್ದು, ವಿಮಾನ ಹತ್ತಿ ಊರು ಸೇರಿದರು. ತುಕ್ರ ಊರಿಗೂ ಬರಲಿಲ್ಲ, ಮಸ್ಕತ್ತಿಗೂ ಸುದ್ದಿ ಬರಲಿಲ್ಲ. ಎಂಬೆಸಿಯಲ್ಲಿ ಗಂಡನ ಹೆಸರು ಕೇಳಿದಾಗ ಅಪ್ಪಿ ಫೋಟೊ ಮುಂದಿಟ್ಟು ತಲೆ ತಗ್ಗಿಸಿದ್ದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳೇ ಅಲ್ಲ ಅವಳು. ಫೋಟೊದ ಹಿಂದೆ ಬರೆದಿದ್ದ ಹೆಸರನ್ನು ಜೊತೆಗೆ ಹೋಗಿದ್ದ ನೋರಾಳೇ ಓದಿ ಹೇಳಿದಳು.

ಅಪ್ಪಿಗೆ "ಅವರು" ಎಂದರೆ ಸಾಕಿತ್ತು. ಅವರು ತುತ್ತಿಗೊಂದು ಕತೆ ಹೇಳುತ್ತಾ ಉಣ್ಣುವವರು. "ನೀವು ಕೈ ತೊಳೆಯುವಾಗ ಮುಂದಿನ ಬೆಳೆ ಕೊಯ್ಲಿಗೆ ಬರ್ತದೆ" ಎಂದು ಅವಳು ರೇಗಿಸಿದರೆ, ಅವರು ಇನ್ನಷ್ಟು ನಿಧಾನಿಸಿ, ಮೀನಿನ ಮುಳ್ಳನ್ನೂ ಬಿಡದೆ ಚೀಪುವರು. ಆ ನಿಧಾನಕ್ಕಾಗಿಯೇ ಈಗ ಅವಳ ಜೀವ ಬಾಯಿಬಿಡುತ್ತಿತ್ತು.

ಅಕ್ಟೋಬರಿನ ಕೊನೆಯ ಸಂಜೆ. ನೋರಾ ಮೇಜಿನ ಮೇಲೆ ತನ್ನದಲ್ಲದೆ ಇನ್ನೂ ಎರಡು ತಟ್ಟೆ ಇಟ್ಟಳು. ಎರಡಕ್ಕೂ ಅನ್ನ, ಅಪ್ಪಿಯೇ ಮಾಡಿದ ಮೀನುಸಾರು ಬಡಿಸಿದಳು. ಹೋಗಿ ಮುಂಬಾಗಿಲ ಚಿಲಕ ತೆಗೆದಿಟ್ಟಳು.

"ಯಾರು ಬರುದು ಮೇಡಂ?"

"ಇವತ್ತು ಸೌವಿನ್. ನಮ್ಮಲ್ಲಿ ಚಳಿಗಾಲದ ಬಾಗಿಲು ತೆರೆಯುವ ದಿನ. ಮನೆಗೆ ಬಾರದವರೆಲ್ಲ ಇವತ್ತು ಬರುತ್ತಾರೆ" ಎಂದಳು ನೋರಾ. ಮೊದಲ ತಟ್ಟೆ ತೋರಿಸಿ, "ಇದು ಕಡಲಲ್ಲಿ ಸತ್ತ ನನ್ನ ಅಣ್ಣನಿಗೆ" ಎಂದಳು. ಎರಡನೆಯದರ ಮುಂದೆ ನಿಂತು, ಗಟ್ಟಿಯಾಗಿ, ಮುದ್ದುಮುದ್ದಾಗಿ ಕರೆದಳು. "ಟುಕ್ರಾ, ಬಾ."

ಅಪ್ಪಿಯ ತುಳುನಾಡಿನಲ್ಲಿ ಹೀಗೆ ಹೆಸರು ಕರೆದು ಬಡಿಸುವುದು ಕುಲೆಗೆ, ಅಂದರೆ ಸತ್ತವರ ಜೀವಕ್ಕೆ. ಬದುಕಿದ್ದವನಿಗೆ ಹಾಗೆ ಬಡಿಸಿದರೆ ಅವನ ಆಯುಷ್ಯಕ್ಕೇ ಕೊಡಲಿ ಹಾಕಿದ ಹಾಗೆ.

"ಸತ್ತಿದ್ದಾರಾ ಅವರು? ಯಾರು ಹೇಳಿದ್ದು ನಿಮಗೆ? ಕೊಳ್ಳಿ ಇಡ್ತೀರಾ ನನ್ನ ಬಾಳಿಗೆ?" ಅಪ್ಪಿ ಆ ಎರಡನೆಯ ತಟ್ಟೆ ಎತ್ತಿ ಅಂಗಳಕ್ಕೆ ಎಸೆದಳು. ಪಿಂಗಾಣಿ ಚೂರಾಯಿತು. "ಇಲ್ಲಿ ಯಾರಿಗೂ ಊಟ ಇಲ್ಲ! ಹೋಗಿ!" ಎಂದು ಕತ್ತಲಾಗುತ್ತಿದ್ದ ಗೇಟಿನ ಕಡೆ ಕಿರುಚಿ, ಬಾಗಿಲು ಬಡಿದು ಚಿಲಕ ಹಾಕಿದಳು.

ಪಾಪ, ನೋರಾ ಒಳ್ಳೆಯದನ್ನೇ ಎಣಿಸಿದ್ದು. ಮರುದಿನ ಅಪ್ಪಿಯ ಕೈಹಿಡಿದು ತಪ್ಪಾಯಿತೆಂದಳು. ದಾರಿಯಲ್ಲಿರುವವರಿಗಾಗಿ ತಮ್ಮಲ್ಲಿ ಕ್ರಿಸ್‌ಮಸ್ಸಿಗೆ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚುತ್ತಾರೆ, ಅದು ಬದುಕಿರುವವರಿಗೆ, ಬೇಕಾದರೆ ಅದನ್ನು ಹಚ್ಚು ಎಂದಳು. ಅಪ್ಪಿ ಕ್ರಿಸ್‌ಮಸ್ಸಿಗೆ ಕಾಯಲಿಲ್ಲ. ಅಂದಿನಿಂದಲೇ ಮುಸ್ಸಂಜೆ ತಪ್ಪದೆ ಅಡಿಗೆಮನೆಯ ಕಿಟಕಿಯಲ್ಲಿ ಬತ್ತಿ ಹಚ್ಚಿದಳು. ಅದು ಉರಿಯುವಷ್ಟು ಹೊತ್ತು ಅವಳಿಗೂ ಧೈರ್ಯ.

ಹೊಸ ವರ್ಷದ ಹಿಂದಿನ ದಿನ, ತೋಳದ ತಿಂಗಳ ಹುಣ್ಣಿಮೆಯ ದಿನ, ಬೆಳಿಗ್ಗೆ ಬಂದವನು ಅಬ್ದುಲ್. ರಸ್ತೆಯಾಚೆಗಿನ ತರಕಾರಿ ಅಂಗಡಿಯವನು, ತುಳುನಾಡಿನದೇ ಬ್ಯಾರಿ ಮುಸಲ್ಮಾನ, ಊರಿಗೆ ರಜೆಗೆ ಹೋಗಿ ಹಿಂದಿನ ದಿನವಷ್ಟೇ ಮರಳಿದ್ದ. ಸಾಮಾನಿನ ಚೀಲ ತಂದವನು ಅದನ್ನು ಕೆಳಗಿಡಲು ಮರೆತು ನಿಂತೇ ಇದ್ದ.

"ಅಪ್ಪಿಯಕ್ಕ, ಕೂತ್ಕೊಳ್ಳಿ."

"ಎಂತದು? ನಿಂತೇ ಕೇಳ್ತೇನೆ. ಹೇಳು."

"ಉಳ್ಳಾಲದಲ್ಲಿ ನನ್ನ ಭಾವ ಸಿಕ್ಕಿದ. ಅವನೂ ಕುವೈತಿಂದ ಬಂದವ. ಜೋರ್ಡಾನಿನಲ್ಲಿ ತುಕ್ರಣ್ಣನೂ ಅವನೂ ಒಂದೇ ಡೇರೆ ಅಂತೆ. ವಾಂತಿ ಭೇದಿ ಹಿಡೀತಂತೆ ಅಕ್ಕ. ನೀರು ಸಹ ನಿಲ್ಲಲಿಲ್ಲ. ಅಲ್ಲೇ... ಖಲಾಸ್." ಅಬ್ದುಲ್ ಅಳುತ್ತಿದ್ದ. "ಭಾವನಿಗೆ ನಿಮ್ಮ ವಿಳಾಸ ಗೊತ್ತಿರಲಿಲ್ಲ. ಹೆಂಡತಿ ಮಸ್ಕತ್ತಿನಲ್ಲಿ ಅಂತ ಮಾತ್ರ ಗೊತ್ತಿತ್ತು."

"ಯಾವಾಗ?"

"ಸೆಪ್ಟೆಂಬರಿನಲ್ಲಿ."

ಅಪ್ಪಿ ಸೆಪ್ಟೆಂಬರ್, ಅಕ್ಟೋಬರ್ ಎಂದು ಬೆರಳು ಮಡಿಚಿದಳು. ಮಡಿಚಿದ ಬೆರಳು ಬಿಡಿಸಲಾಗಲಿಲ್ಲ.

"ಅಯ್ಯೋ, ಆ ದಿನ ಬಂದಿದ್ದರು" ಎಂದಳು. "ಮೇಡಂ ಹೆಸರು ಹಿಡಿದು ಕರೆದರಲ್ಲ, ಬಂದೇ ಬಂದಿದ್ದರು. ಗೇಟಿನ ಹತ್ತಿರ ನಿಂತಿದ್ದರು. ಎದುರಿಗೆ ಬಡಿಸಿದ ಊಟ ಎಸೆದು, ಹೋಗಿ ಅಂದೆನಲ್ಲ ನಾನು! ಹಸಿದು ಸತ್ತವರನ್ನು ಹಸಿದ ಹೊಟ್ಟೆಯಲ್ಲೇ ಅಟ್ಟಿದೆನಲ್ಲ!"

ನೋರಾ ಅವಳನ್ನು ತಬ್ಬಿಕೊಂಡಳು. ಹಾಗಲ್ಲ ಎಂದು ಹೇಳಲು ಅವಳಿಗೂ ಆಗಲಿಲ್ಲ, ಏಕೆಂದರೆ ಬರುತ್ತಾರೆಂದು ನಂಬಿ ಬಾಗಿಲು ತೆರೆದವಳು ಅವಳೇ.

ಸ್ವಲ್ಪ ಹೊತ್ತಿಗೆ ಅಬ್ದುಲ್ ತನ್ನ ಅಂಗಡಿಗೆ ಸಲಾಲಾದ ತೋಟಗಳಿಂದ ಬಂದ ಬಾಳೆಎಲೆಯಲ್ಲಿ ಒಳ್ಳೆಯದೊಂದನ್ನು ಆರಿಸಿ ತಂದ. ಅಪ್ಪಿ ಬೂತಾಯಿ ಮೀನು ತೊಳೆದು, ಹುಳಿ ಮೆಣಸು ಅರೆದು, ಕುಚ್ಚಲಕ್ಕಿ ಬೇಯಿಸಿದಳು. ಸಂಜೆ ಅಡಿಗೆಮನೆಯ ನೆಲದ ಮೇಲೆ ಎಲೆ ಹಾಕಿ ಬಡಿಸಿದಳು.

"ಬಾಗಿಲು ತೆರೆದಿಡಲೇ?" ನೋರಾ ಮೆತ್ತಗೆ ಕೇಳಿದಳು.

"ನಮ್ಮಲ್ಲಿ ಮುಚ್ಚಬೇಕು ಮೇಡಂ. ಅವರು ಉಣ್ಣುದನ್ನು ಯಾರೂ ನೋಡಬಾರದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುದು. ನೀವು ಗೇಟು ತೆರೆದಿಡಿ."

ಇನ್ನು ಹೆಸರು ಕರೆಯಬೇಕಿತ್ತು. ಬಾಯಿ ತೆರೆದಳು, ಬರಲಿಲ್ಲ. ಇಷ್ಟು ವರ್ಷ ನಾಲಗೆಯ ಹಿಂದೆ ಅಡಗಿಸಿಟ್ಟ ಹೆಸರು. ಹೇಳಿದರೆ ಅವರು ಸತ್ತದ್ದು ನಿಜ, ಹೇಳದಿದ್ದರೆ ಅವರಿಗೆ ಊಟವಿಲ್ಲ.

"ತುಕ್ರಾ" ಎಂದಳು. "ತುಕ್ರಾ, ಬಲೆ. ಉಣ್ಲೆ." ಬನ್ನಿ, ಉಣ್ಣಿ ಎಂದು ತುಳುವಿನಲ್ಲೇ ಕರೆದಳು.

ಬಾಗಿಲೆಳೆದು ಹೊರಗೆ ಕುಳಿತಳು. ಮರುಭೂಮಿಯ ಕಡೆಯಿಂದ ತೋಳದ ತಿಂಗಳು ಎದ್ದು ಅಂಗಳವೆಲ್ಲ ಬೆಳ್ಳಗಾಯಿತು. ನೋರಾ ಬಹಳ ಹೊತ್ತು ಕಾದು, ಕೊನೆಗೆ, "ಅಪ್ಪೀ, ತಟ್ಟುವುದಿಲ್ಲವೇ?" ಎಂದಳು.

ಅಪ್ಪಿ ಕೈ ಎತ್ತಿದಳು. ಬಾಗಿಲಿಗೆ ತಾಗುವ ಮೊದಲೇ ಇಳಿಸಿದಳು.

"ಇಲ್ಲ ಮೇಡಂ, ಇನ್ನು ಸ್ವಲ್ಪ ಹೊತ್ತು. ಅವರು ಉಣ್ಣುದು ಭಾರಿ ನಿಧಾನ."