ಭಾನುವಾರದ ಗೆರೆಗಳು

ಕಾಟಿಪಳ್ಳದಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟುವುದಿದ್ದರೂ ಮೊದಲು ಗೊತ್ತಾಗುವುದು ವಾರಿಜಾಕ್ಷಿಗೆ. ಆಶಾ ಕಾರ್ಯಕರ್ತೆಯಾಗಿ ಅವಳು ಎಷ್ಟು ಸೊಸೆಯಂದಿರ ಬಸಿರು ಪರೀಕ್ಷೆ ಮಾಡಿದ್ದಾಳೋ ಲೆಕ್ಕ ಇಟ್ಟವರಿಲ್ಲ. ಕಿಟ್ಟಿನಲ್ಲಿ ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಉಂಟು. ಎರಡು ಗೆರೆ ಕಂಡದ್ದೇ ಆಸ್ಯಮ್ಮನಂಥ ಅತ್ತೆಯಂದಿರು ಅವಳನ್ನು ಕೂರಿಸಿ ಶರಬತ್ತು ಕುಡಿಸಿಯೇ ಕಳಿಸುತ್ತಿದ್ದರು.

ಹಾಗಿರುವಾಗ ಮೆಡಿಕಲ್ ಅಂಗಡಿಯ ಇಜಾಝ್ ಗಾಂಜಾ ಪರೀಕ್ಷೆಯ ಕಿಟ್ಟುಗಳನ್ನು ಪೇಪರಿನಲ್ಲಿ ಸುತ್ತಿಕೊಡುತ್ತಾ, "ನೋಡ್ಲಿಕ್ಕೆ ಗೊತ್ತುಂಟಾ ಅಕ್ಕ? ಒಳಗೆ ಚೀಟಿ ಉಂಟು, ಒಮ್ಮೆ ಓದಿ" ಎಂದಾಗ ಅವಳಿಗೆ ರೇಗಿತು.

"ನನಗೆ ಕಿಟ್ಟು ನೋಡ್ಲಿಕ್ಕೆ ನೀನು ಕಲಿಸ್ತೀಯಾ ಮಾರಾಯ?"

ಹಿಂದೆ ಗುರುತಿನವರೊಬ್ಬರು ಬಂದು ನಿಂತಿದ್ದರು. ಅವಳಿಗೆ ಅಲ್ಲಿಂದ ಹೊರಟರೆ ಸಾಕಾಗಿತ್ತು. ಎಲ್ಲ ಗೊತ್ತು ಅನ್ನುವವರಿಗೆ ಚೀಟಿ ಓದುವ ದರ್ದಾದರೂ ಏನಿರುತ್ತದೆ! ಮನೆಗೆ ಬಂದವಳೇ ಅದನ್ನು ಮುದ್ದೆ ಮಾಡಿ ಕಸಕ್ಕೆ ಎಸೆದಳು.

ಕಿಟ್ಟು ಬೇಕಾದದ್ದು ಮಗ ಯತಿನನಿಗೆ. ಕೊಟ್ಟಾರದ ಹತ್ತಿರದ ಅವನ ಕಾಲೇಜಿನಲ್ಲಿ ಒಂದು ದಿನ ಹೇಳದೆ ಕೇಳದೆ ಎಲ್ಲರ ಮೂತ್ರ ಪರೀಕ್ಷೆ ಮಾಡಿದರು. ಇವನದ್ದರಲ್ಲಿ ಗಾಂಜಾ ಸಿಕ್ಕಿತು. ಮನೆಗೆ ಕಳಿಸಿದರು. ಕಾಲೇಜಿನ ಕೌನ್ಸೆಲರ್ ಡ್ಯಾಫ್ನಿ ಒಳ್ಳೆಯ ಹೆಂಗಸು. "ಬೈಬೇಡಿ, ಹೊಡೀಬೇಡಿ. ಭಾನುವಾರ ಭಾನುವಾರ ಮನೆಯಲ್ಲೇ ಟೆಸ್ಟ್ ಮಾಡಿ. ಕಾಲೇಜಿನ ಪರೀಕ್ಷೆಗೆ ಮುಂಚೆ ಬಂದು ನನಗೆ ಹೇಳಿ. ಬಿಟ್ಟಿದ್ದಾನೆ ಅಂತಾದ್ರೆ ಕ್ಲಾಸಿಗೆ ಸೇರಿಸುವ ಜವಾಬ್ದಾರಿ ನಂದು" ಎಂದಿದ್ದಳು. ಗಂಡ ಲತೀಶ್ ಮೀನಿನ ಬೋಟಿನಿಂದ ಇಳಿದು ಬಂದು ಸುದ್ದಿ ಕೇಳಿದ, ಉಂಡ, ಮತ್ತೆ ಬೋಟು ಹತ್ತಿದ.

"ಇನ್ನು ಮುಟ್ಟುವುದಿಲ್ಲ ಅಮ್ಮ" ಎಂದ ಯತಿನ್.

ಮೊದಲ ಭಾನುವಾರ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ನೋಡಿದಳು. ಒಂದೇ ಗೆರೆ! ಅವಳಿಗೆ ಹೋದ ಜೀವ ಬಂದಂತಾಯಿತು. ಬೂತಾಯಿ ಮೀನು ತಂದು ಹುಳಿಖಾರದ ಪುಳಿಮುಂಚಿ ಮಾಡಿ ಬಡಿಸಿದಳು. ಯತಿನ್ ತಟ್ಟೆಯ ಮುಂದೆ ಪೆಚ್ಚಾಗಿ ಕುಳಿತ. "ಇಷ್ಟು ಬೇಗ ಹೋಗ್ತದಾ ಅಮ್ಮ ಅದು?"

"ಹೋಗಿದೆ. ನೀನು ಊಟ ಮಾಡು."

ಮುಂದಿನ ವಾರವೂ ಒಂದೇ. ಆಮೇಲೆ ಒಂದು ಭಾನುವಾರ ಎರಡು ಗೆರೆ ಮೂಡಿತು.

ಬಡಿಸಿದ ಕೈಗೇ ದ್ರೋಹ ಮಾಡಿದ ಎಂದು ಅವನನ್ನು ಎದುರು ನಿಲ್ಲಿಸಿ ಕೇಳಿದಳು.

"ನಾನು ಮುಟ್ಟಿಲ್ಲ ಅಮ್ಮ. ಕಟೀಲಮ್ಮನ ಆಣೆ."

"ಹಾಗಾದ್ರೆ ಮೂತ್ರ ಸುಳ್ಳು ಹೇಳ್ತದಾ?"

"ಎಲ್ಲಿ, ತೋರಿಸು."

"ನಿನಗೆ ತೋರಿಸ್ಲಿಕ್ಕೆ ಎಂತ ಉಂಟು?" ಅವಳು ಅದನ್ನಾಗಲೇ ಎಸೆದಾಗಿತ್ತು.

ಮರುವಾರವೂ ಎರಡು. ಅದರ ಮರುವಾರವೂ. ಯತಿನ್ ಆಣೆ ಹಾಕುವುದನ್ನು ಬಿಟ್ಟ, ಆಮೇಲೆ ಮಾತನ್ನೂ ಬಿಟ್ಟ. ಭಾನುವಾರ ಬೆಳಿಗ್ಗೆ ಮುಖ ಎತ್ತದೆ ಮೂತ್ರದ ಲೋಟ ಇಟ್ಟು ಹೋಗುತ್ತಿದ್ದ. ಡ್ಯಾಫ್ನಿಯ ಫೋನು ಬಂದರೆ ವಾರಿಜಾಕ್ಷಿ ಎತ್ತುತ್ತಿರಲಿಲ್ಲ. ಮನೆಮನೆಗೆ ಹೋಗಿ ಕಬ್ಬಿಣದ ಮಾತ್ರೆ ಕೊಟ್ಟಳು, ಮಕ್ಕಳ ತೂಕ ನೋಡಿದಳು, ಬಂದು ಅನ್ನಕ್ಕಿಟ್ಟಳು. ಸಿಟ್ಟೂ ಇರಲಿಲ್ಲ. ಅಳು ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು, ಅದೂ ಬರಲಿಲ್ಲ. ಒಂದೇ ಸೂರಿನ ಕೆಳಗೆ ತಾಯಿ ಮಗ ಇಬ್ಬರು ಬಾಡಿಗೆದಾರರಂತೆ ಇದ್ದರು.

ಕಾಲೇಜಿನ ಪರೀಕ್ಷೆ ಹತ್ತಿರ ಬಂದಾಗಿನ ಭಾನುವಾರ ಮತ್ತೆ ಒಂದೇ ಗೆರೆ ಬಂತು. ಅದು ಒಣಗುವವರೆಗೂ ದಿಟ್ಟಿಸಿದಳು. ಎರಡನೆಯದು ಬರಲಿಲ್ಲ. ಜೋಮು ಹಿಡಿದ ಕಾಲಿಗೆ ರಕ್ತ ಹರಿದ ಹಾಗೆ, ನೋಯುತ್ತಾ ನೋಯುತ್ತಾ ಖುಷಿಯಾಯಿತು. ಮಗನಿಗೆ ಹೇಳಲಿಲ್ಲ. ಕ್ಲಾಸಿಗೆ ಸೇರಿಸಿಕೊಂಡರೆಂಬ ಸುದ್ದಿಯ ಜೊತೆಗೇ ಹೇಳೋಣವೆಂದು ಮರುದಿನ ಕಿಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ಸು ಹತ್ತಿದಳು.

"ಇಷ್ಟು ವಾರ ಎರಡೆರಡು ಗೆರೆ ಬರ್ತಿತ್ತು ಮೇಡಂ. ನಾಚಿಕೆಯಾಗಿ ನಿಮ್ಮ ಫೋನು ತೆಗೀಲಿಲ್ಲ. ನಿನ್ನೆ ನೋಡಿ, ಒಂದೇ! ಬಿಟ್ಟಿದ್ದಾನೆ."

ಡ್ಯಾಫ್ನಿ ಕಿಟ್ಟನ್ನು ನೋಡಿದಳು, ಅವಳ ಮುಖ ನೋಡಿದಳು. "ವಾರಿಜಾಕ್ಷಿಯವರೇ, ಇದು ಬಸಿರಿನ ಕಿಟ್ಟಿನ ಹಾಗಲ್ಲ. ಇದರಲ್ಲಿ ಎರಡು ಗೆರೆ ಬಂದ್ರೆ ಏನೂ ಇಲ್ಲ ಅಂತ. ಒಂದೇ ಬಂದ್ರೆ ಉಂಟು ಅಂತ."

"ಸುರುವಿಗೆ ಒಂದೇ ಬಂದಿತ್ತಲ್ಲ..."

"ಹಳೆಯದು ಮೈಯಲ್ಲಿ ಕೆಲವು ವಾರ ಉಳೀತದೆ."

"ನಡುವೆ ಎರಡು ಬಂದದ್ದು?"

"ಆಗ ಅವನು ಪೂರ್ತಿ ಬಿಟ್ಟಿದ್ದ."

ಡ್ಯಾಫ್ನಿ ಇನ್ನೂ ಏನೇನೋ ಸಮಾಧಾನ ಹೇಳಿದಳು, ಹುಡುಗನನ್ನು ನಾಳೆಯೇ ಕರೆದುಕೊಂಡು ಬನ್ನಿ ಎಂದಳು. ವಾರಿಜಾಕ್ಷಿ ಎಲ್ಲದಕ್ಕೂ ತಲೆಯಾಡಿಸಿದಳು. ಬಸ್ಸಿನಲ್ಲಿ ಇಳಿಯುವ ಸ್ಟಾಪು ದಾಟಿಹೋಗಿ, ಬಿಸಿಲಲ್ಲಿ ಹಿಂದಕ್ಕೆ ನಡೆದು ಬಂದಳು.

ಯತಿನ್ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವಳು ಅವನ ಕಾಲ ಬಳಿ ಕುಳಿತು ಎಲ್ಲ ಹೇಳಿದಳು.

"ನಾನು ತಪ್ಪು ನೋಡಿದೆ ಮಗಾ. ನೀನು ಹೇಳಿದ್ದೆಲ್ಲ ನಿಜವೇ."

ಅವನು ತಿರುಗಲಿಲ್ಲ.

"ಈಗ ಸೇದಿದ್ದೀಯಾ?"

"ಹೌದು."

"ಯಾಕೆ?"

"ಬಿಟ್ಟಾಗಲೂ ಬಿಟ್ಟಿಲ್ಲ ಅಂತಲೇ ಆಯ್ತಲ್ಲ ಅಮ್ಮ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಕಟೀಲಮ್ಮನ ಆಣೆಯೂ ಬೇಕಾಗಲಿಲ್ಲ. ಇಷ್ಟು ವಾರಗಳಲ್ಲಿ ಮಗ ಹೇಳಿದ್ದನ್ನು ಅವಳು ನಂಬಿದ್ದು ಅದೇ ಮೊದಲು.